ಗಿಟಾರಿನಲ್ಲಿ ಊದಿದ ಸಂಗು

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ ಕೂತಿದ್ದೆ. ಎದುರು ಸೀಟಿನ ಹೆಂಗಸು ಬ್ಯಾಗಿನಿಂದ ಪುಟ್ಟ ಬಾಟಲಿ ತೆಗೆದು, ಕರ್ಚೀಫಿಗೆ ನಾಲ್ಕು ಹನಿ ಸುರಿದುಕೊಂಡು, ತೊಡೆಯ ಮೇಲೆ ಮಲಗಿದ್ದ ಮಗುವಿನ ಹಣೆಗೆ ಒತ್ತಿದಳು. ಯೂಡಿ ಕೊಲೋನ್! ಈಗಲೂ ಯಾರಾದರೂ ಅದನ್ನು ಇಟ್ಟುಕೊಳ್ಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಾಲದಲ್ಲಿ ಕಾನ್ವೆಂಟಿನ ಪ್ರತಿ ಟೀಚರಿನ ಹ್ಯಾಂಡ್‌ಬ್ಯಾಗಿನಲ್ಲೂ ಒಂದು ಬಾಟಲಿ ಇರುತ್ತಿತ್ತು. ಜ್ವರಕ್ಕೂ ಅದೇ, ತಲೆನೋವಿಗೂ ಅದೇ, ಯಾರದಾದರೂ ಪೇರೆಂಟ್ಸ್ ಬಂದು ಜಗಳವಾಡಿ ಹೋದ ಮೇಲೂ ಅದೇ.

ನನಗೆ ಮಾತ್ರ ಆ ವಾಸನೆಗೆ ನೆನಪಾಗುವುದು ಜ್ವರವಲ್ಲ, ಒಂದು ಎಲೆಕ್ಟ್ರಿಕ್ ಗಿಟಾರ್. ಅದನ್ನು ನುಡಿಸುತ್ತಿದ್ದ ಪಕ್ಕದ ಮನೆಯ ಹುಡುಗ... ಹುಡುಗ ಎನ್ನುತ್ತೇನೆ, ಆಗಲೇ ಅವನಿಗೆ ಮೂವತ್ತರ ಹತ್ತಿರ. ನನಗಿಂತ ಸ್ವಲ್ಪವೇ ಚಿಕ್ಕವನು. ಆದರೂ ನಮ್ಮ ಲೈನಿನ ಎಲ್ಲರ ಹಾಗೆ ಅವನೂ ನನ್ನನ್ನು 'ಮಿಸ್' ಎಂದೇ ಕರೆಯುತ್ತಿದ್ದ.

ನಮ್ಮ ಮನೆ ಕೆಜಿಎಫ್‌ನಲ್ಲಿ, ನಂದಿದುರ್ಗ ಚಿನ್ನದ ಗಣಿಯ ಕಡೆಯ ಲೈನಿನಲ್ಲಿತ್ತು, ಅಂದರೆ ಗಣಿ ಕೆಲಸದವರ ಸಾಲುಮನೆಗಳಲ್ಲಿ. ಒಂದಕ್ಕೊಂದು ಹೆಗಲು ಆನಿಸಿದ ಮನೆಗಳು, ನಡುವೆ ಒಂದೇ ಗೋಡೆ. ಪಕ್ಕದವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ನನ್ನ ಗಂಡ ಅಂಡರ್‌ಗ್ರೌಂಡ್ ಕೆಲಸದವರು, ನಾನು ಕಾನ್ವೆಂಟಿನಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಮತ್ತು ಪಿಯಾನೊ ಹೇಳಿಕೊಡುತ್ತಿದ್ದೆ. ಪಕ್ಕದಲ್ಲಿ ಅವನು, ಅವನ ತಾಯಿ. ಅವರದು ಕಾಮಸಮುದ್ರದ ಕಡೆಯ ಹಳ್ಳಿ. ತಂದೆ ಹೊಲದ ಕೆಲಸ ಬಿಟ್ಟು ಗಣಿಗೆ ಸೇರಿದವರು. ಮಗ ಇನ್ನೂ ಸ್ಕೂಲಿನಲ್ಲಿದ್ದಾಗಲೇ ಒಂದು ಏರ್‌ಬ್ಲಾಸ್ಟಿನಲ್ಲಿ ಹೋದರು. ಏರ್‌ಬ್ಲಾಸ್ಟ್ ಎಂದರೆ, ಅಷ್ಟು ಆಳದಲ್ಲಿ ಬಂಡೆ ಒತ್ತಡ ತಾಳಲಾರದೆ ತಾನಾಗಿಯೇ ಸಿಡಿಯುವುದು. ಮೇಲೆ ನಮ್ಮ ಮನೆಗಳಲ್ಲಿ ತಟ್ಟೆ ಲೋಟಗಳು ಕಣಕಣ ಎನ್ನುತ್ತಿದ್ದವು, ಅಷ್ಟೇ. ಆಮೇಲೆ ಸಂಗು ಊದುತ್ತಿತ್ತು.

ಸಂಗು ಎಂದು ನಾವು ಕರೆಯುತ್ತಿದ್ದುದು ಗಣಿಯ ಸೈರನ್ನನ್ನು. ಶಿಫ್ಟ್ ಬದಲಾಗುವಾಗ ಅದು ಊದಿದರೆ ಹಾಲು ಕಾಯಿಸುತ್ತಿದ್ದೆವು, ಮಕ್ಕಳಿಗೆ ಜಡೆ ಹಾಕುತ್ತಿದ್ದೆವು. ಹೊತ್ತಲ್ಲದ ಹೊತ್ತಿನಲ್ಲಿ ಊದಿದರೆ ಅದಕ್ಕೆ ಒಂದೇ ಅರ್ಥ. ಆದ್ದರಿಂದ ನಮ್ಮೂರಿನ ಹೆಂಗಸರಿಗೆಲ್ಲ ಒಂದು ಅಭ್ಯಾಸ. ಸಂಗು ಕೇಳಿಸಿದ ಕೂಡಲೇ ಮಾಡುತ್ತಿದ್ದ ಕೆಲಸ ಬಿಟ್ಟು ಮೊದಲು ಗಡಿಯಾರ ನೋಡುವುದು.

ಅವನ ತಾಯಿಗೆ ಗಣಿಯ ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಕ್ಕಿತು. ಅವನಿಗೆ ಗಿಟಾರ್ ಹಿಡಿಸಿದ್ದು ಹಿಂದಿನ ಬೀದಿಯ ಒಬ್ಬ ಆಂಗ್ಲೋ ಇಂಡಿಯನ್ ಎಂಜಿನ್ ಡ್ರೈವರ್. ಕ್ಲಬ್ಬಿನ ಡಾನ್ಸುಗಳಲ್ಲಿ ನುಡಿಸಿ ನುಡಿಸಿ, ಆಮೇಲೆ ಮದ್ರಾಸು ಸೇರಿದ. ಅಲ್ಲಿ ಸಿನಿಮಾ ಹಾಡುಗಳ ಆರ್ಕೆಸ್ಟ್ರಾದಲ್ಲಿ ಕೂರುತ್ತಿದ್ದ. ಹೀರೋ ಕುಣಿಯುವಾಗ ಹಿಂದೆ ಕಿರುಚುವ ಗಿಟಾರ್ ಇರುತ್ತದಲ್ಲ, ಅದು ಎಷ್ಟೋ ಸಲ ಅವನದೇ. ಹೆಸರು ಮಾತ್ರ ಎಲ್ಲೂ ಬರುತ್ತಿರಲಿಲ್ಲ.

ಒಂದು ರಜೆಯಲ್ಲಿ ಬಂದವನು ನಮ್ಮ ಹಿತ್ತಲ ಗೋಡೆಯ ಮೇಲಿಂದ ಇಣುಕಿದ. "ಮಿಸ್, ಆ ಸೆಂಟ್ ಬಾಟ್ಲಿ ಖಾಲಿ ಆದ್ರೆ ಬಿಸಾಕ್‌ಬೇಡಿ, ನಂಗೆ ಕೊಡಿ." ಕೊಟ್ಟೆ. ಸೀಮೆಎಣ್ಣೆಯಲ್ಲಿ ಅದ್ದಿದ ದಾರವನ್ನು ಬಾಟಲಿಯ ಕತ್ತಿಗೆ ಸುತ್ತಿ, ಬೆಂಕಿ ಹಚ್ಚಿ, ಬಕೆಟ್ಟಿನ ನೀರಿಗೆ ಅದ್ದಿದ. ಟಕ್ ಎಂದು ಕತ್ತು ಬೇರೆಯಾಯಿತು. ಅದರ ಅಂಚನ್ನು ಒಂದು ಮಧ್ಯಾಹ್ನವೆಲ್ಲ ಒರಳುಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡಿದ. ಅದನ್ನು ಕಿರುಬೆರಳಿಗೆ ಉಂಗುರದಂತೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿದರೆ ಗಿಟಾರ್ ಮನುಷ್ಯರ ಹಾಗೆ ಎಳೆದು ಎಳೆದು ಮಾತಾಡುತ್ತಿತ್ತು. ಬೆವರು ಬಂದಾಗ ಗಾಜಿನಿಂದ ಸಣ್ಣಗೆ ಯೂಡಿ ಕೊಲೋನಿನ ವಾಸನೆಯೂ ಏಳುತ್ತಿತ್ತು. "ನಿನ್ ಗಿಟಾರು ಆಸ್ಪತ್ರೆ ವಾಸ್ನೆ ಒಡೀತೈತೆ ಕಣ್ಲಾ," ಎಂದು ತಾಯಿ ನಗುತ್ತಿದ್ದಳು. "ನಾನು ಅದ್ನ ತೊಳ್ಕಂಡು ಮನೀಗೆ ಬಂದ್ರೆ ನೀನು ಇಲ್ಲೇ ಇಕ್ಕಂಡಿದ್ದೀಯಾ."

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಮದ್ರಾಸಿನ ಒಂದು ಚಿಕ್ಕ ಕ್ಯಾಸೆಟ್ ಕಂಪನಿಯವರು ಅವನದೇ ಒಂದು ಆಲ್ಬಮ್ ತರಲು ಒಪ್ಪಿದರು. ಹಾಡುವವರಿಲ್ಲ, ಸಿನಿಮಾ ಇಲ್ಲ, ಬರೀ ಅವನ ಗಿಟಾರ್, ಹಿಂದೆ ಡ್ರಮ್ಸು. ಸ್ಟುಡಿಯೋ ಖಾಲಿ ಇದ್ದಾಗಲೆಲ್ಲ ಕೂತು, ತಿಂಗಳುಗಟ್ಟಲೆ ರೆಕಾರ್ಡ್ ಮಾಡಿದ. ಮುಗಿದ ಮೇಲೆ ಒಂದೇ ಒಂದು ಕಾಪಿ ಹಿಡಿದು ಊರಿಗೆ ಬಂದ. ಕಂಪನಿಗೆ ಅವನೊಂದು ಶರತ್ತು ಹಾಕಿದ್ದ. ಮೊದಲು ನಮ್ಮ ಲೈನಿನವರು ಕೇಳಬೇಕು. ಅವರು ಸರಿ ಎಂದ ಮೇಲೆಯೇ ಕ್ಯಾಸೆಟ್ ಹೊರಗೆ ಬರಬೇಕು.

"ವಾಟ್ ನಾನ್ಸೆನ್ಸ್," ಎಂದೆ ನಾನು. "ಇಲ್ಲಿಯವರಿಗೆ ರಾಕ್ ಮ್ಯೂಸಿಕ್ ಏನು ಅರ್ಥವಾಗುತ್ತೆ?"

ಅವನು ಗಿಟಾರನ್ನು ಆಂಪ್ಲಿಫಯರಿಗೆ ಸಿಕ್ಕಿಸಿ, ನಮ್ಮ ನಡುಮನೆಯಲ್ಲೇ ಕೂತು, ಆಲ್ಬಮ್ಮಿನ ಮೊದಲ ಸ್ವರ ನುಡಿಸಿ ತೋರಿಸಿದ. ಗಾಜಿನ ಬೆರಳು ಕೆಳಗಿನಿಂದ ನಿಧಾನಕ್ಕೆ ಮೇಲೇರಿತು. ಮೇಲೇರುತ್ತಾ ನಡುಗಿತು. ಮೇಲೆ ಹೋಗಿ ನಿಂತಿತು, ಇಳಿಯಲೇ ಇಲ್ಲ... ನಾನು ತಟ್ಟನೆ ತಿರುಗಿ ಗಡಿಯಾರ ನೋಡಿದೆ. ಕಣ್ಣೆದುರಿಗೇ ಅವನ ಕೈ ಆಡುತ್ತಿದೆ, ಆದರೂ ಗಡಿಯಾರ ನೋಡಿದೆ!

"ತೆಗೆದುಬಿಡು," ಎಂದೆ. "ಪ್ಲೀಸ್. ಇದೊಂದು ಬೇಡ."

"ಸಂಗಿಲ್ದೆ ನಮ್ಮೂರು ಏಳ್ತದಾ ಮಿಸ್? ನಾನು ಮಾತ್ರ ಹೆಂಗೆ ಶುರು ಮಾಡ್ಲಿ?"

"ನಿನ್ನ ತಾಯಿ ಕೇಳಿದ್ದಾರಾ?"

ಗಾಜಿನ ಉಂಗುರವನ್ನು ಬೆರಳಿನಿಂದ ತೆಗೆದು, ಮತ್ತೆ ಹಾಕಿಕೊಂಡ. "ಇಲ್ಲ. ಹಾಲ್‌ನಲ್ಲಿ ಎಲ್ರ ಜೊತೆ ಕೇಳ್ಲಿ. ಅಮ್ಮ ಒಬ್ಬಳ್ನೇ ಕೂರಿಸಿ ಕೇಳಿಸೋಕೆ ನಂಗೆ ಧೈರ್ಯ ಇಲ್ಲ."

ಆಗ ನನಗೆ ಅರ್ಥವಾಯಿತು. ಲೈನು ಒಪ್ಪಬೇಕು ಎಂದು ಅವನು ಹೇಳುತ್ತಿದ್ದುದು ನಿಜವೇ. ಆದರೆ ಆ ಲೈನಿನಲ್ಲಿ ಅವನು ಕಾಯುತ್ತಿದ್ದುದು ಒಬ್ಬಳ ಒಪ್ಪಿಗೆಗೆ. ಗಂಡ ಹೋದ ದಿನದ ಬಗ್ಗೆ ಆ ತಾಯಿ ಮಗನ ಹತ್ತಿರ ಒಂದು ಮಾತೂ ಆಡಿದವಳಲ್ಲ. ಮಗ ಅದನ್ನು ಗಿಟಾರಿನಲ್ಲಿ ಎತ್ತಲು ಹೊರಟಿದ್ದ.

ಲೈನಿನವರ ಕಾರ್ಯಕ್ರಮಗಳೆಲ್ಲ ನಡೆಯುವ ಹಾಲ್ ಇದ್ದುದು ಲೈನಿನ ಕೊನೆಯಲ್ಲಿ. ವಾರದ ನಡುವಿನ ಒಂದು ಮಧ್ಯಾಹ್ನ, ಶಿಫ್ಟ್ ಇಲ್ಲದವರು, ರಿಟೈರ್ ಆದವರು, ಕೆಲವು ಹೆಂಗಸರು ಸೇರಿದರು. ಮೈಕ್ ಸೆಟ್ಟಿನವನನ್ನು ಕರೆಸಿದ್ದರು. ಒಳಗೆ ಎರಡು ಬಾಕ್ಸ್ ಇಟ್ಟರೆ ಸಾಕು ಎಂದು ಅವನಿಗೆ ಹೇಳಲಾಗಿತ್ತು. ಆದರೆ ನಮ್ಮ ಕಡೆ ಮದುವೆಯೋ ನಾಮಕರಣವೋ ಆದರೆ ಹಾಡು ಬರೀ ಒಳಗೆ ಕೇಳಿಸಿದರೆ ಅದು ಮರ್ಯಾದೆಯಲ್ಲ. ಮರಕ್ಕೆ ಹಾರ್ನ್ ಕಟ್ಟಲೇಬೇಕು, ಊರಿಗೆಲ್ಲ ಕೇಳಿಸಲೇಬೇಕು. ಅವನು ಯಾರಿಗೂ ಹೇಳದೆ ಹಿಂದಿನ ಹುಣಸೆಮರಕ್ಕೆ ಎರಡು ಹಾರ್ನ್ ಕಟ್ಟಿ, ಮುಖವನ್ನು ಮನೆಗಳ ಕಡೆಗೆ ತಿರುಗಿಸಿದ್ದ. "ಯಾರ್‍ಯಾರ್ದೋ ಮದ್ವೆಗೆ ಕಟ್ತೀನಿ, ನಮ್ ಹುಡ್ಗನ್ ಕ್ಯಾಸೆಟ್ಟಿಗೆ ಕಟ್ದಿದ್ರೆ ಎಂಗೆ?" ಎಂದು ಆಮೇಲೆ ಅಳುತ್ತಾ ಹೇಳಿದ, ಪಾಪ.

ವೇದಿಕೆಯ ಮೇಲೆ ನಿಂತು ಅವನು ಸೇರಿದ್ದವರಿಗೆಲ್ಲ ಮೊದಲೇ ಹೇಳಿದ್ದನಂತೆ, ಶುರುವಿನಲ್ಲಿ ಬರುವ ಶಬ್ದ ಗಿಟಾರಿನದು, ಹೆದರಬೇಡಿ ಎಂದು. ಹಾಲ್‌ನಲ್ಲಿದ್ದವರಿಗೆ ಹೇಳಿದ. ಮನೆಗಳಲ್ಲಿದ್ದವರಿಗೆ ಯಾರು ಹೇಳಬೇಕು?

ನಾನು ಸ್ಕೂಲಿನಿಂದ ತಡವಾಗಿ ಬಂದು, ಅವನಿಗೆ ಕೊಡಲೆಂದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹಾಲ್ ಕಡೆಗೆ ಹೆಜ್ಜೆ ಹಾಕುತ್ತಿದ್ದೆ. ಸಂಗು ಊದಿತು.

ಕೆಳಗಿನಿಂದ ಏರಿತು, ಏರುತ್ತಾ ನಡುಗಿತು, ಮೇಲೆ ಹೋಗಿ ನಿಂತಿತು. ನನಗೆ ಗೊತ್ತಿತ್ತು. ಇಡೀ ಲೈನಿನಲ್ಲಿ ಆ ಶಬ್ದವನ್ನು ಮೊದಲೇ ಕೇಳಿದ್ದವಳು ನಾನೊಬ್ಬಳೇ. ಆದರೂ ಬಾಗಿಲುಗಳು ಧಡಧಡ ತೆರೆದುಕೊಂಡವು, ಹಿಟ್ಟಿನ ಕೈಯಲ್ಲೇ, ಒದ್ದೆ ತಲೆಯಲ್ಲೇ ಹೆಂಗಸರು ಶಾಫ್ಟಿನ ಕಡೆಗೆ, ಗಣಿಯ ಬಾಯಿಯ ಕಡೆಗೆ ಓಡತೊಡಗಿದರು, ಅವರ ನಡುವೆ ನಾನೂ ಓಡುತ್ತಿದ್ದೆ. ನನ್ನ ಗಂಡ ಕೆಳಗಿದ್ದರು. ಕಾಲುಗಳು ನನ್ನನ್ನು ಕೇಳಲಿಲ್ಲ. ಅಷ್ಟರಲ್ಲಿ ಸಂಗು ಅರ್ಧಕ್ಕೇ ಕತ್ತರಿಸಿದ ಹಾಗೆ ನಿಂತುಹೋಯಿತು. ಮೈಕ್ ಸೆಟ್ಟಿನವನು ಗಾಬರಿಯಲ್ಲಿ ಹಾರ್ನಿನ ವೈರ್ ಕಿತ್ತಿದ್ದ. ಅದು ಇನ್ನಷ್ಟು ಹೆದರಿಸಿತು. ಓಡುತ್ತಿದ್ದ ನಮ್ಮನ್ನು ಕಿಟಕಿಯಲ್ಲಿ ಕಂಡು, ಗಿಟಾರ್ ಎಂದು ತಿಳಿದಿದ್ದ ಹಾಲ್‌ನವರೂ ಎದ್ದು ಓಡಿದರು. ಇಷ್ಟು ಜನ ಸುಮ್ಮನೆ ಓಡುತ್ತಾರೆಯೇ?

ಶಾಫ್ಟಿನ ಗೇಟು ಮುಚ್ಚಿತ್ತು. ಗೇಟಿನವನು ಕೈ ಬೀಸಿದ. "ಏನೂ ಆಗಿಲ್ರಮ್ಮ, ಓಗಿ ಮನೀಗೆ, ಓಗಿ!"

ಎದುರು ಮನೆಯ ಅಕ್ಕ ಕಂಬಿ ಹಿಡಿದು ಅಲ್ಲಾಡಿಸಿದಳು. ಅವಳ ಗಂಡನೂ ಕೆಳಗೆ, ತಮ್ಮನೂ ಕೆಳಗೆ. "ಓದ್ ಸಲಾನೂ ಇಂಗೇ ಅಂದೆ ನೀನು! ಏನೂ ಆಗಿಲ್ಲ ಅಂತ. ಆಮೇಕೆ ಸ್ಟ್ರೆಚರ್ ತಂದ್ರಿ."

ಅದು ನಿಜ. ಮೊದಲು ಹೇಳುವುದು ಯಾವಾಗಲೂ ಅದೇ ಮಾತು. ಆದ್ದರಿಂದ ಏನೂ ಆಗಿಲ್ಲ ಎಂದಷ್ಟೂ ನಾವು ಗೇಟಿಗೆ ಇನ್ನಷ್ಟು ಒತ್ತಿ ನಿಂತೆವು.

ನಾನು ಅಕ್ಕನ ತೋಳು ಹಿಡಿದೆ. "ಅಕ್ಕಾ, ಅದು ಗಿಟಾರು. ಪಕ್ಕದ ಮನೆಯವನ ಕ್ಯಾಸೆಟ್ಟು. ನಾನು ಕೇಳಿದ್ದೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಿಸ್ಸು, ತಲೆ ಕೆಟ್ಟೈತಾ ನಿಂಗೆ? ಗಿಟಾರು ಎಲ್ಲಾನಾ ಇಂಗೆ ಅಳ್ತದಾ?"

ಮತ್ತೆ ಹೇಳಲು ಹೋಗಿ ಅವಳ ತೋಳು ಬಿಟ್ಟೆ. ಯಾಕೆಂದರೆ ನನಗೇ ಅನುಮಾನ ಬಂದಿತ್ತು. ಒಂದು ವೇಳೆ ಕ್ಯಾಸೆಟ್ ಇನ್ನೂ ಶುರುವಾಗಿರದಿದ್ದರೆ? ಇದು ನಿಜವಾದದ್ದೇ ಆಗಿದ್ದರೆ? ಒಳಗಿನ ಎತ್ತರದ ಕಂಬಗಳ ಮೇಲೆ, ಆಳಕ್ಕೆ ಪಂಜರವನ್ನು ಇಳಿಸಿ ಏರಿಸುವ ದೊಡ್ಡ ಚಕ್ರ ಕಾಣುತ್ತಿತ್ತು. ಅದು ತಿರುಗುತ್ತಿರಲಿಲ್ಲ. ಎಲ್ಲರೂ ಕತ್ತೆತ್ತಿ ಅದನ್ನೇ ನೋಡುತ್ತಾ ನಿಂತೆವು. ಯಾರೂ ಅಳಲಿಲ್ಲ. ಅತ್ತರೆ ಆಗಿಬಿಡುತ್ತದೆ ಎಂಬಂತೆ. ನನ್ನ ಪಕ್ಕದಲ್ಲಿ ಒಬ್ಬಳ ಕೈಯಲ್ಲಿ ಹಿಟ್ಟು ಒಣಗಿ ಬಿರುಕು ಬಿಡುತ್ತಿತ್ತು... ಅದು ಈಗಲೂ ನನಗೆ ಕಾಣುತ್ತದೆ.

ಎಷ್ಟು ಹೊತ್ತೋ. ಆಮೇಲೆ ಶಿಫ್ಟ್ ಮುಗಿಯುವ ನಿಜವಾದ ಸಂಗು ಊದಿತು. ಅಷ್ಟು ಹೊತ್ತು ಕಾದಿದ್ದ ನಮಗೆ ಅದೇ ಸುಳ್ಳು ಸಂಗಿನ ಹಾಗೆ, ತೆಳ್ಳಗೆ ಕೇಳಿಸಿತು. ಚಕ್ರ ತಿರುಗಿತು. ಗಂಡಸರು ಎಂದಿನಂತೆ ಕೆಮ್ಮುತ್ತಾ, ಬೀಡಿ ಹುಡುಕುತ್ತಾ ಹೊರಗೆ ಬಂದರು. "ಏನ್ರೇ ಇದು, ಯಾವ ಮಂತ್ರಿ ಬತ್ತಾವ್ನೆ?" ಎಂದ ಒಬ್ಬ. ನನ್ನ ಗಂಡ ಹತ್ತಿರ ಬಂದು, ಮುಖದ ಧೂಳು ಒರೆಸಿಕೊಂಡು ಕೇಳಿದರು: "ಫ್ಲಾಸ್ಕ್ ಯಾಕೆ ತಂದೆ?" ನೋಡಿಕೊಂಡೆ. ಫ್ಲಾಸ್ಕ್ ನನ್ನ ಎದೆಗೆ ಅವಚಿಕೊಂಡೇ ಇತ್ತು. ಮುಚ್ಚಳಕ್ಕೆ ಕಾಫಿ ಸುರಿದುಕೊಟ್ಟೆ. ಅರ್ಧ ಅವರ ಬೂಟಿನ ಮೇಲೆ ಬಿತ್ತು.

ಭಯ ಇಳಿದ ಮೇಲೆ ಸಿಟ್ಟು ಏರಿತು. ಆ ಗುಂಪು ಗುಂಪೇ ಹಾಲ್ ಕಡೆಗೆ ತಿರುಗಿತು. ನಾನು ಓಡುತ್ತಲೇ ಹಿಂದೆ ಹೋದೆ, ಇವತ್ತು ಅವನನ್ನು ಹೊಡೆದೇ ಬಿಡುತ್ತಾರೆ ಎಂದುಕೊಂಡು.

ಹಾಲ್‌ನಲ್ಲಿ ಕುರ್ಚಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಅವನು ವೇದಿಕೆಯ ಮೆಟ್ಟಿಲ ಮೇಲೆ ಕೂತಿದ್ದ. ಬಾಗಿಲಲ್ಲಿ ನಿಂತು, ಗಿಟಾರ್ ನಂದು, ಗಿಟಾರ್ ನಂದು ಎಂದು ಕೂಗಿ ಕೂಗಿ ಅವನ ದನಿ ಬಿದ್ದುಹೋಗಿತ್ತಂತೆ. ಮುಂದಿನ ಸಾಲಿನಲ್ಲಿ, ಒಂದೇ ಒಂದು ನೆಟ್ಟಗಿದ್ದ ಕುರ್ಚಿಯಲ್ಲಿ, ಅವನ ತಾಯಿ. ಕೈ ಮಡಿಲಲ್ಲಿ. ಊರೆಲ್ಲ ಓಡಿದಾಗ ಓಡದೆ ಕೂತವಳು ಅವಳೊಬ್ಬಳೇ. ಅವಳು ಯಾರಿಗಾಗಿ ಓಡಬೇಕೋ ಅಂಥವರು ಯಾರೂ ಕೆಳಗಿರಲಿಲ್ಲ. ಒಳಗಿನ ಬಾಕ್ಸುಗಳಲ್ಲಿ ಓಡುತ್ತಲೇ ಇದ್ದ ಇಡೀ ಕ್ಯಾಸೆಟ್ಟನ್ನು ಕೊನೆಯವರೆಗೂ ಕೇಳಿದ್ದಳು.

ಎದುರು ಮನೆಯ ಅಕ್ಕ ನೇರ ಅವನ ಮುಂದೆ ಹೋಗಿ ಕೈ ಎತ್ತಿದಳು. "ಏನ್ಲಾ, ನಮ್ ಒಟ್ಟೆ ಉರ್ಸಕ್ಕೇಂತ ಮದ್ರಾಸಿಗೋಗಿ ಕಲ್ತ್ ಬಂದ್ಯಾ?" ಅವನು ಮುಖ ತಗ್ಗಿಸಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ಅವನ ಕಣ್ಣು ತಾಯಿಯ ಮೇಲೆಯೇ ಇತ್ತು.

ಆಗ ಅವಳು ಮಾತಾಡಿದಳು. ದೊಡ್ಡ ದನಿಯಲ್ಲೇನಲ್ಲ.

"ಬಿರ್‍ನೆ ನಿಲ್ಸ್‌ಬುಟ್ಟೆ ಕಣ್ಲಾ ಮಗಾ. ಅವತ್ತು ಇನ್ನೂ ಉದ್ದ ಊದಿತ್ತು."

ಎತ್ತಿದ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಆಮೇಲೆ ಅಕ್ಕ ಅದೇ ಕೈಯಲ್ಲಿ ಸೆರಗು ಎಳೆದುಕೊಂಡು, ಬಿದ್ದಿದ್ದ ಒಂದು ಕುರ್ಚಿಯನ್ನು ಎತ್ತಿ, ಆ ತಾಯಿಯ ಪಕ್ಕದಲ್ಲಿ ಕೂತಳು.

ಆದರೂ ಲೈನಿನ ಹಿರಿಯರು ಬಿಡಲಿಲ್ಲ. ಸಂಗು ತೆಗೆದರೆ ಮಾತ್ರ ಕ್ಯಾಸೆಟ್ಟು ಹೊರಗೆ ಬರಲಿ, ಅದು ಇರುವ ಕ್ಯಾಸೆಟ್ಟು ನಮ್ಮ ಬೀದಿಯಲ್ಲಿ ಹಾಡಬಾರದು ಎಂದರು. ಅವರನ್ನು ತಪ್ಪು ಎನ್ನುವುದು ಹೇಗೆ? ನನ್ನ ಬ್ಲೌಸು ಆಗಿನ್ನೂ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅವನು ತಲೆಯಾಡಿಸಿದ. ಊರು ತೆಗೆ ಎನ್ನುತ್ತಿದೆ, ಹೆತ್ತವಳು ಇನ್ನೂ ಉದ್ದ ಇತ್ತು ಎನ್ನುತ್ತಿದ್ದಾಳೆ. ಅವನು ಯಾರ ಮಾತು ಕೇಳಬೇಕು? ಮರುದಿನವೇ ಮದ್ರಾಸಿಗೆ ಹೊರಟ.

ತಿಂಗಳುಗಳು ಹೋದವು. ಅವನಿಂದ ಸುದ್ದಿಯಿಲ್ಲ. ಕ್ಯಾಸೆಟ್ಟು ಬರುತ್ತದೋ ಇಲ್ಲವೋ, ಬಂದರೆ ಅದರಲ್ಲಿ ಏನಿರುತ್ತದೋ ಎಂದು ತಾಯಿ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ನಾನು ಬಂಗಾರಪೇಟೆಗೆ ಹೋಗಿ ಬಂದಾಗಲೆಲ್ಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಕೊನೆಗೊಂದು ದಿನ ಸ್ಟೇಷನ್ ಎದುರಿನ ಕ್ಯಾಸೆಟ್ ಅಂಗಡಿಯಲ್ಲಿ ಅವನ ಮುಖ ಕಂಡಿತು. ಪುಟ್ಟ ಕವರಿನ ಮೇಲೆ, ಗಿಟಾರ್ ಹಿಡಿದು, ಪಕ್ಕಕ್ಕೆ ನೋಡುತ್ತಿರುವ ಮುಖ. ಓ, ನನಗಾದ ಸಂತೋಷವೇ! ಗಾಡಿಯಲ್ಲಿ ಪಕ್ಕದವರಿಗೆಲ್ಲ ತೋರಿಸಿಕೊಂಡು ಬಂದೆ. ಮನೆ ಹತ್ತಿರ ಬಂದಂತೆ ಅದನ್ನು ಸೆರಗಿನಡಿ ಮುಚ್ಚಿಕೊಂಡೆ.

ತಾಯಿಯನ್ನು ಕರೆದು, ಕಿಟಕಿ ಬಾಗಿಲು ಎಲ್ಲ ಹಾಕಿ, ಟೇಪ್‌ರೆಕಾರ್ಡರಿನ ದನಿ ಪೂರ್ತಿ ತಗ್ಗಿಸಿ, ಅದರ ಮೇಲೊಂದು ದಿಂಬನ್ನೂ ಅಡ್ಡ ಹಿಡಿದು ಬಟನ್ ಒತ್ತಿದೆ. ಏನೂ ಬರಲಿಲ್ಲ. ದಿಂಬು ತೆಗೆದೆ. ದನಿ ಏರಿಸಿದೆ. ಟೇಪು ತಿರುಗುವ ಸಣ್ಣ ಹಿಸ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಕೆಟ್ಟ ಪೀಸ್ ಕೊಟ್ಟುಬಿಟ್ಟ ಎಂದು ಮುಂದಕ್ಕೆ ಓಡಿಸಲು ಕೈ ಚಾಚಿದೆ. ತಾಯಿ ನನ್ನ ಮಣಿಕಟ್ಟು ಹಿಡಿದಳು. ಆಸ್ಪತ್ರೆಯಲ್ಲಿ ಹೆದರಿದ ರೋಗಿಗಳನ್ನು ಹಿಡಿಯುತ್ತಿದ್ದ ಕೈ, ಗಟ್ಟಿಯಾದ ಕೈ.

"ಬ್ಯಾಡ. ಇರ್ಲಿ."

ಇಬ್ಬರೂ ಹಾಗೇ ಕೂತೆವು. ಸಂಗಿನಷ್ಟು ಹೊತ್ತು... ಇಲ್ಲ, ಅವನು ಹಾಲ್‌ನಲ್ಲಿ ಊದಿಸಿದ ಸಂಗಿಗಿಂತ ಬಹಳ ಉದ್ದ. ಆಮೇಲೆ ಎಲ್ಲೋ ದೂರದಿಂದ ಗಾಜು ತಂತಿಯನ್ನು ಮುಟ್ಟಿತು. ಗಿಟಾರ್ ಶುರುವಾಯಿತು.

"ಸಂಗು ನಿಂತ್ ಮ್ಯಾಕೆ ಇಂಗೇ ಇತ್ತು ಮಿಸ್ಸು," ಎಂದಳು ತಾಯಿ. "ಒಂದ್ ಕಾಗೇನೂ ಕೂಗ್ನಿಲ್ಲ. ಈಗ ಸರ್ಯಾಗಿ ಬಾರ್ಸವ್ನೆ ನನ್ ಮಗ."

ಹೊರಗಿನ ಲೋಕ ಹಾಗೆ ಕೇಳಿಸಿಕೊಳ್ಳಲಿಲ್ಲ. ಬೆಂಗಳೂರಿನ ಇಂಗ್ಲಿಷ್ ಪೇಪರೊಂದು ಮೂಲೆಯಲ್ಲಿ ನಾಲ್ಕು ಸಾಲು ಬರೆಯಿತು. ಬೆರಳುಗಳು ಚೆನ್ನಾಗಿವೆ, ಕ್ಯಾಸೆಟ್ಟಿನ ತಯಾರಿಕೆ ಕಳಪೆ, ಶುರುವಿನಲ್ಲಿ ಟೇಪು ಖಾಲಿ ಓಡುತ್ತದೆ ಎಂಬ ಅರ್ಥದಲ್ಲಿ. ಕೊಂಡವರು ವಾಪಸ್ ತಂದರು. ಆ ಖಾಲಿಯನ್ನು ಕತ್ತರಿಸಿ ಮತ್ತೆ ಹಾಕೋಣ ಎಂದು ಕಂಪನಿ ಕೇಳಿತಂತೆ, ಅವನು ಒಪ್ಪಲಿಲ್ಲವಂತೆ. ಮತ್ತೆ ಹಾಕಲೇ ಇಲ್ಲ. ಇನ್ನೊಂದು ಆಲ್ಬಮ್ ಮಾಡುವ ಮಾತೂ ಅಲ್ಲಿಗೇ ನಿಂತಿತು.

ನಾನು ಇನ್ನೊಂದು ಕಾಪಿ ತೆಗೆದಿಡೋಣವೆಂದು ಬಂಗಾರಪೇಟೆಗೆ ಹೋದಾಗ ಅಂಗಡಿಯವನು ಕೌಂಟರಿನ ಕೆಳಗಿದ್ದ ರಟ್ಟಿನ ಡಬ್ಬವನ್ನು ಕಾಲಿನಿಂದ ತಳ್ಳಿ ತೋರಿಸಿದ.

"ನೋಡಿ ಮೇಡಮ್ಮು, ಎಲ್ಲಾ ರಿಟರ್ನು. ಬಂಗಾರ್‌ಪೇಟೆಯೋರು, ಕೋಲಾರದೋರು ಎಲ್ಲಾ ತಂದ್ ಬಿಸಾಕವ್ರೆ. ನಿಮ್ ಕೆಜಿಎಫ್‌ನೋರು ಒಬ್ರೂ ತರ್ನಿಲ್ಲ. ಎಂಗೆ, ನಿಮ್ಗೆ ಮಾತ್ರ ಒಳ್ಳೇ ಪೀಸ್ ಸಿಕ್ಬುಡ್ತಾ?"

"ಹೌದು," ಎಂದೆ. ಇನ್ನೇನು ಹೇಳಲಿ?

ನಿಜವಾಗಿಯೂ ನಮ್ಮ ಲೈನಿನಲ್ಲಿ ಯಾರೂ ವಾಪಸ್ ಕೊಡಲಿಲ್ಲ. ಎದುರು ಮನೆಯ ಅಕ್ಕನಂತೂ ಸಂಜೆ ಹೊತ್ತು ಹಾಕಿಕೊಂಡು ಕೂರುತ್ತಿದ್ದಳು. ಮೊದಲ ಖಾಲಿ ಓಡುವಾಗ ಮಕ್ಕಳು ಗಲಾಟೆ ಮಾಡಿದರೆ, "ಬಾಯ್ ಮುಚ್ರಲೇ, ಅದು ಬತ್ತಾ ಐತೆ," ಎಂದು ಗದರುವುದು ನಮ್ಮ ಮನೆಗೆ ಕೇಳಿಸುತ್ತಿತ್ತು.

ಅವನು ಮತ್ತೆ ಬೇರೆಯವರ ಹಾಡುಗಳ ಹಿಂದೆ ಕೂತ. ರೇಡಿಯೋದಲ್ಲಿ ಎಲ್ಲಾದರೂ ಗಾಜು ಜಾರಿದ ಸದ್ದು ಕೇಳಿದರೆ ನಾನು ಒಲೆ ಸಣ್ಣ ಮಾಡಿ ನಿಲ್ಲುತ್ತಿದ್ದೆ. ತಾಯಿಯ ಮಣ್ಣಿಗೆ ಬಂದಿದ್ದ, ಕೂದಲು ನೆರೆತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ಅವನೂ ಹೋದ ಎಂದು ಯಾರೋ ಮಾರ್ಕೆಟ್ಟಿನಲ್ಲಿ, ತರಕಾರಿ ಆರಿಸುತ್ತಾ ಹೇಳಿದರು. ಅಷ್ಟೇ. ಅವನು ಬಿಟ್ಟುಹೋದ ಕತ್ತಿಲ್ಲದ ಬಾಟಲಿ ಇನ್ನೂ ನನ್ನ ಕಿಟಕಿಯಲ್ಲಿದೆ. ಅದರಲ್ಲಿ ಪೆನ್ಸಿಲ್ ಇಡುತ್ತೇನೆ. ಮೂಸಿದರೆ ಪೆನ್ಸಿಲ್ಲಿನ ವಾಸನೆಯೇ ಬರುತ್ತದೆ.

ಗಾಡಿ ಮಾರಿಕುಪ್ಪಂ ತಲುಪಿ ನಿಂತಿತು. ಫ್ಯಾನುಗಳೂ ನಿಂತವು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಸಂಗು ಇಲ್ಲ, ಅದು ಊದಿದರೆ ಗಡಿಯಾರ ನೋಡುವ ಹೆಂಗಸರೂ ಈಗ ಅಲ್ಲೊಬ್ಬರು ಇಲ್ಲೊಬ್ಬರು. ಡಬ್ಬಿ ಖಾಲಿಯಾಗುತ್ತಾ ಬಂತು, ಕೊನೆಗೆ ಹೊರಗೆ ಕಾಗೆಯ ಸದ್ದೂ ಇಲ್ಲ, ಅವನ ಕ್ಯಾಸೆಟ್ಟಿನ ಶುರುವಿನ ಹಾಗೆ...

ಎದುರಿನ ಹೆಂಗಸು ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. "ಅಜ್ಜೀ, ಇಳಿಯಲ್ವಾ? ಲಾಸ್ಟ್ ಸ್ಟೇಷನ್ನು."

"ನೀನು ನಡಿಯಮ್ಮ," ಎಂದೆ. "ಇನ್ನೂ ಸ್ವಲ್ಪ ಇದೆ."